ಬಡವನ ಕೋಪ, 454 ಗ್ರಾಂ

"ಆಯುಧ ಇಲ್ಲದಿದ್ದರೆ ಅದು ರೋಬೋಟ್ ಅಲ್ಲ ಮೇಷ್ಟ್ರೇ, ಚಕ್ರ ಹಚ್ಚಿದ ಡಬ್ಬಿ" ಎಂದ ಡ್ರಿಲ್ಲಣ್ಣ.

"ಡಬ್ಬಿಯೇ ಇರಲಿ ಬಿಡಯ್ಯ. ಕೊನೇವರೆಗೂ ಓಡಾಡಿಕೊಂಡು ಇದ್ದದ್ದು ಗೆಲ್ಲುತ್ತೆ" ಎಂದರು ಮೇಷ್ಟ್ರು.

ಈ ಜಗಳ ಹೊಸದಲ್ಲ. ಹೊಸ ಫೈಟಿಂಗ್ ರೋಬೋಟ್ ಮಾಡೋಣ ಎಂದು ನಾವು ಐದು ಜನ ಕೂತಾಗಲೆಲ್ಲ, ಒಂದು ಸ್ಕ್ರೂ ತಿರುಗುವುದಕ್ಕೂ ಮೊದಲೇ ಮಾತು ಇಲ್ಲಿಗೆ ಬಂದು ನಿಲ್ಲುತ್ತದೆ. ಡ್ರಿಲ್ಲಣ್ಣನಿಗೆ ಆ ಹೆಸರು ಬಂದದ್ದು ಏನು ಕಂಡರೂ ತೂತು ಕೊರೆದು ತೂಕ ಇಳಿಸುವ ಚಪಲದಿಂದ. ಮೇಷ್ಟ್ರು ಭೌತಶಾಸ್ತ್ರ ಪಾಠ ಮಾಡಿ ನಿವೃತ್ತರಾದವರು, ಆದರೆ ಬಾಯಿಗೆ ಇನ್ನೂ ನಿವೃತ್ತಿ ಸಿಕ್ಕಿಲ್ಲ. ಲಾಯರ್ ನಿಜವಾದ ಲಾಯರ್ ಅಲ್ಲ, ಸ್ಪರ್ಧೆಯ ನಿಯಮಗಳನ್ನು ಪೂರ್ತಿ ಓದುವ ಏಕೈಕ ಪ್ರಾಣಿ ಅಷ್ಟೆ. ಪುಟ್ಟಿ ನಮ್ಮೆಲ್ಲರಿಗಿಂತ ಚಿಕ್ಕವಳು. ರಿಮೋಟ್ ಅವಳ ಕೈಯಲ್ಲೇ ಇರುತ್ತದೆ, ಯಾಕೆಂದರೆ ನಮ್ಮ ನಾಲ್ವರಲ್ಲಿ ಯಾರಿಗೆ ಕೊಟ್ಟರೂ ರೋಬೋಟ್ ಎದುರಾಳಿಯನ್ನು ಬಿಟ್ಟು ಗೋಡೆಗೆ ಗುದ್ದುತ್ತದೆ. ನನ್ನದು ಸೋಲ್ಡರಿಂಗ್ ಮತ್ತು ಮಧ್ಯಸ್ಥಿಕೆ.

"ಮೊದಲು ಯಾವ ತೂಕದ ವರ್ಗ ಅಂತ ತೀರ್ಮಾನ ಆಗಲಿ" ಎಂದೆ.

ಲಾಯರ್ ಕನ್ನಡಕ ಸರಿಮಾಡಿಕೊಂಡರು. "ದುಡ್ಡಿಲ್ಲದವರಿಗೆ ಆಂಟ್‌ವೇಟ್. ಇರುವೆ ತೂಕ. ಅಮೆರಿಕದ ಲೆಕ್ಕದಲ್ಲಿ 1 ಪೌಂಡ್, ಅಂದರೆ 454 ಗ್ರಾಂ. ಬ್ರಿಟನ್ನಿನಲ್ಲಿ ಅದೇ ಆಂಟ್‌ವೇಟ್ 150 ಗ್ರಾಂ. ಶುರುವಿನಲ್ಲಿ 4 ಇಂಚಿನ ಚೌಕ ಡಬ್ಬಿಯೊಳಗೆ ಬೇರೆ ಕೂರಬೇಕು."

"ಅಲ್ಲಿನ ಇರುವೆಗೆ ಡಯಟ್ ಮಾಡಿಸಿದ್ದಾರಾ?" ಎಂದಳು ಪುಟ್ಟಿ.

"ಟೀವಿಯಲ್ಲಿ ಬರುವವು 250 ಪೌಂಡ್, ಹೆಚ್ಚುಕಮ್ಮಿ 113 ಕೆಜಿ ಇರುತ್ತವೆ ಕಣಮ್ಮ" ಎಂದ ಡ್ರಿಲ್ಲಣ್ಣ ಆಸೆಗಣ್ಣಿನಿಂದ.

"ಅದನ್ನು ಎತ್ತುವುದಕ್ಕೇ ಇನ್ನೊಂದು ರೋಬೋಟ್ ಬೇಕು. ಸುಮ್ನೆ 454ಕ್ಕೆ ಒಪ್ಪಿಕೋ" ಎಂದರು ಮೇಷ್ಟ್ರು. ಒಪ್ಪಿದ. ಸಣ್ಣ ವರ್ಗದ ದೊಡ್ಡ ಪುಣ್ಯ ಏನೆಂದರೆ, ಸೋತರೆ ರೋಬೋಟನ್ನು ಜೇಬಿಗೆ ಹಾಕಿಕೊಂಡು ಯಾರಿಗೂ ಕಾಣದ ಹಾಗೆ ಜಾಗ ಖಾಲಿ ಮಾಡಬಹುದು.

ಆಮೇಲೆ ಆಸ್ತಿ ಲೆಕ್ಕ ಶುರುವಾಯಿತು. ಬಿದ್ದು ರೆಕ್ಕೆ ಮುರಿದ ಡ್ರೋನಿನಿಂದ ಬಿಚ್ಚಿದ ಒಂದು ಬ್ರಷ್‌ಲೆಸ್ ಮೋಟಾರ್. ಎನ್20 ಎಂಬ ಬೆರಳ ತುದಿಯಷ್ಟಿನ ಎರಡು ಗೇರ್ ಮೋಟಾರ್. ರಿಮೋಟಿನ ಸಿಗ್ನಲ್ ಹಿಡಿಯುವ ಒಂದು ರಿಸೀವರ್. ಮೂರು ಸೆಲ್ಲಿನ ಪುಟ್ಟ ಲೈಪೋ, ಅಂದರೆ ಲಿಥಿಯಂ ಪಾಲಿಮರ್ ಬ್ಯಾಟರಿ. ಮೈಗೆ, ತರಕಾರಿ ಹೆಚ್ಚುವ ಪ್ಲಾಸ್ಟಿಕ್ ಹಲಗೆ.

ಹಲಗೆ ಎಂದರೆ ನಗಬೇಡಿ. ಅದು ಎಚ್‌ಡಿಪಿಇ ಪ್ಲಾಸ್ಟಿಕ್. ಗಟ್ಟಿಯಾದ ಅಕ್ರಿಲಿಕ್ ಒಂದೇ ಏಟಿಗೆ ಚೂರಾಗುತ್ತದೆ. ಇದು ಹಾಗಲ್ಲ, ಏಟು ಬಿದ್ದರೆ ತಗ್ಗುತ್ತದೆ, ಬಾಗುತ್ತದೆ, ಮತ್ತೆ ನೆಟ್ಟಗಾಗುತ್ತದೆ. ಕೈಗರಗಸದಲ್ಲೇ ಕತ್ತರಿಸಬಹುದು. ಆದರೆ ಇದಕ್ಕೆ ಅಂಟು ಹಿಡಿಯುವುದಿಲ್ಲ. ಏನೇ ಜೋಡಿಸಿದರೂ ಸ್ಕ್ರೂ ಹಾಕಿಯೇ ಜೋಡಿಸಬೇಕು. ಅಂದರೆ ತೂತು ಕೊರೆಯಬೇಕು. ಡ್ರಿಲ್ಲಣ್ಣನಿಗೆ ಈ ಹಲಗೆಯ ಮೇಲಿರುವ ಪ್ರೀತಿಯ ಗುಟ್ಟು ಇದೇ ಎಂದು ನನ್ನ ಗುಮಾನಿ.

"ಸರಿ, ಈಗ ಆಯುಧ" ಎಂದು ಅವನು ಮತ್ತೆ ಎದ್ದ. "ಮುಂದುಗಡೆ ಒಂದು ಉಕ್ಕಿನ ಪಟ್ಟಿ. ಅಡ್ಡಡ್ಡ ಗಿರಗಿರ ತಿರುಗುತ್ತೆ. ಎದುರಾಳಿ ಹತ್ತಿರ ಬಂದರೆ ಕಥೆ ಮುಗೀತು."

"ಯಾರ ಕಥೆ?" ಎಂದರು ಮೇಷ್ಟ್ರು, ಪೆನ್ಸಿಲ್ ಹುಡುಕುತ್ತಾ. ಅವರು ಪೆನ್ಸಿಲ್ ಹುಡುಕಿದರೆ ನಾವು ಕಾಲು ಚಾಚಿಕೊಂಡು ಕೂರುವುದು ವಾಡಿಕೆ. "ಆ ಡ್ರೋನ್ ಮೋಟಾರ್ 2300 ಕೆವಿ. ಅಂದರೆ ಹೊರೆ ಇಲ್ಲದಾಗ ಪ್ರತಿ ವೋಲ್ಟ್‌ಗೆ ನಿಮಿಷಕ್ಕೆ 2300 ಸುತ್ತು. ನಿನ್ನ ಬ್ಯಾಟರಿ 11.1 ವೋಲ್ಟ್. ಲೆಕ್ಕ 25,000 ದಾಟಿತು. ಬೆಲ್ಟ್ ಹಾಕಿ ಇಳಿಸಿ 10,000 ಅಂತ ಇಟ್ಟುಕೋ. ಪಟ್ಟಿ 100 ಗ್ರಾಂ, ಉದ್ದ 10 ಸೆಂಟಿಮೀಟರ್. ಅದರಲ್ಲಿ ಸುಮಾರು 45 ಜೂಲ್ ಶಕ್ತಿ ಕೂತಿರುತ್ತೆ."

"ಜೂಲ್ ಬೇಡ ಮೇಷ್ಟ್ರೇ, ಮನುಷ್ಯರ ಭಾಷೆಯಲ್ಲಿ ಹೇಳಿ."

"ಒಂದು ಕೆಜಿ ಕಲ್ಲನ್ನು ನಾಲ್ಕೂವರೆ ಮೀಟರ್ ಮೇಲಿಂದ ಕಾಲಿನ ಮೇಲೆ ಬಿಟ್ಟರೆ ಎಷ್ಟೋ ಅಷ್ಟು."

ಎಲ್ಲರೂ ಒಂದು ಸಲ ತಮ್ಮ ತಮ್ಮ ಕಾಲು ನೋಡಿಕೊಂಡೆವು.

"ವೇಗ ಎರಡರಷ್ಟು ಮಾಡಿದರೆ?" ಡ್ರಿಲ್ಲಣ್ಣನ ಕಣ್ಣು ಮಿಂಚಿತು.

"ಶಕ್ತಿ ನಾಲ್ಕರಷ್ಟು. 180 ಜೂಲ್. ಆದರೆ ನ್ಯೂಟನ್ ಮಹಾಶಯನ ಮೂರನೇ ನಿಯಮ ಗೊತ್ತಲ್ಲ? ನೀನು ಅವನಿಗೆ ಎಷ್ಟು ಬಲವಾಗಿ ಹೊಡೆಯುತ್ತೀಯೋ ಅಷ್ಟೇ ಬಲ ನಿನಗೂ ವಾಪಸ್. ಅವನ ಮೈ ಗಟ್ಟಿ ಇದ್ದರೆ ಹಾರಿಹೋಗುವುದು ನೀನೇ. ಬಡವನ ಕೋಪ ದವಡೆಗೆ ಮೂಲ ಅಂತ ನ್ಯೂಟನ್ನಿಗಿಂತ ಮುಂಚೆಯೇ ನಮ್ಮವರು ಹೇಳಿಟ್ಟಿದ್ದಾರೆ."

ಡ್ರಿಲ್ಲಣ್ಣ ಬಗ್ಗಲಿಲ್ಲ. "ದವಡೆ ಒಂದೇ ಹೋಗಲ್ಲ ಮೇಷ್ಟ್ರೇ. ಮರ್ಯಾದೆನೂ ಬರುತ್ತೆ. ಬಾಣಲೆ ರೋಬೋಟ್ ಕಥೆ ಹೇಳಿ ಲಾಯರೇ!"

ಈ ಕಥೆ ಲಾಯರಿಗೆ ಬಾಯಿಪಾಠ. 1995ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ರೋಬೋಟ್ ವಾರ್ಸ್ ಎಂಬ ರೋಬೋಟ್ ಕಾಳಗದ ಸ್ಪರ್ಧೆಗೆ ಜೇಮಿ ಹೈನ್‌ಮನ್ ಮತ್ತು ಆಡಮ್ ಸ್ಯಾವೇಜ್ ಬ್ಲೆಂಡೋ ಎಂಬ ರೋಬೋಟ್ ತಂದಿದ್ದರು. ದೊಡ್ಡ ಬಾಣಲೆಯೊಂದನ್ನು ಕವುಚಿ ಹಾಕಿ, ಅದರ ಅಂಚಿಗೆ ಬ್ಲೇಡ್ ಕೂರಿಸಿ, ಹುಲ್ಲು ಕತ್ತರಿಸುವ ಯಂತ್ರದ ಇಂಜಿನ್‌ನಿಂದ ಇಡೀ ಬಾಣಲೆಯನ್ನೇ ತಿರುಗಿಸಿದ್ದರು. ಅದು ಹೊಡೆದ ಏಟಿಗೆ ಎದುರಾಳಿಗಳ ಚೂರುಗಳು ಅಖಾಡದ ಗೋಡೆ ದಾಟಿ ಹಾರಿದವು. ಆಯೋಜಕರು ಕೈಮುಗಿದು, "ಇನ್ನು ಆಡಬೇಡಿ, ಚಾಂಪಿಯನ್ ಪಟ್ಟದಲ್ಲಿ ನಿಮಗೂ ಪಾಲು ಇದೆ" ಎಂಬ ಒಪ್ಪಂದಕ್ಕೆ ಬಂದರು.

"ನೋಡಿದಿರಾ? ಆಡದೇ ಗೆದ್ದ!"

"ನಿನ್ನದೂ ಆಡುವುದಿಲ್ಲ, ಆ ಭಾಗ ಹೊಂದುತ್ತೆ" ಎಂದಳು ಪುಟ್ಟಿ.

ಈ ಆಟಕ್ಕೆ ಬುನಾದಿ ಹಾಕಿದವರ ಕಥೆಯೂ ಹೀಗೇ ಇದೆ. ಮಾರ್ಕ್ ಥಾರ್ಪ್ ಎಂಬಾತ 1992ರಲ್ಲಿ ಕಸ ಹೀರುವ ವ್ಯಾಕ್ಯೂಮ್ ಕ್ಲೀನರಿಗೆ ರಿಮೋಟ್ ಜೋಡಿಸಲು ಹೊರಟ. ಕಸ ಹೀರುವ ಕೆಲಸ ಅಲ್ಲಿಗೇ ನಿಂತಿತು, 1994ರಲ್ಲಿ ರೋಬೋಟ್ ವಾರ್ಸ್ ಶುರುವಾಯಿತು. ಮನೆಕೆಲಸ ತಪ್ಪಿಸಿಕೊಳ್ಳಲು ಗಂಡಸರು ಎಲ್ಲಿಯವರೆಗೆ ಹೋಗುತ್ತಾರೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ ಎಂಬುದು ಪುಟ್ಟಿಯ ವಾದ.

"ನನಗೊಂದು ಉಪಾಯ ಹೊಳೆದಿದೆ" ಎಂದರು ಲಾಯರ್. ನಿಯಮ ಓದಿದವರಿಗೆ ಸಂದುಗೊಂದು ಬೇಗ ಕಾಣುತ್ತವೆ. "ಎದುರಾಳಿಯ ಮೇಲೆ ಬಲೆ ಎಸೆದರೆ?"

"ಬಲೆ, ದಾರ ಎಲ್ಲ ನಿಷೇಧ ಅಂತ ನೀವೇ ಹೇಳಿದ್ದು."

"ಅಂಟು?"

"ಅದೂ ಇಲ್ಲ."

"ಅವರ ರೇಡಿಯೋ ಸಿಗ್ನಲ್ ಕೆಡಿಸಿದರೆ?"

"ಲಾಯರೇ!" ಮೇಷ್ಟ್ರು ಗದರಿದರು. "ಹಳೇ ಕಾಲದಲ್ಲಿ ಅದಕ್ಕೆ ಯಾರೂ ಕಷ್ಟಪಡಬೇಕಾಗಿರಲಿಲ್ಲ. ರಿಮೋಟಿನೊಳಗೆ ಚಾನೆಲ್ ಗೊತ್ತುಮಾಡುವ ಕ್ರಿಸ್ಟಲ್ ಇರುತ್ತಿತ್ತು. ಇಬ್ಬರದೂ ಒಂದೇ ಚಾನೆಲ್ ಆದರೆ ಅವನ ಕಡ್ಡಿ ಅಲ್ಲಾಡಿಸಿದಾಗ ನಿನ್ನ ಬಂಡಿ ಓಡುತ್ತಿತ್ತು. ಈಗಿನ 2.4 ಗಿಗಾಹರ್ಟ್ಸ್ ಸೆಟ್ಟುಗಳಲ್ಲಿ ರಿಸೀವರ್ ತನ್ನ ರಿಮೋಟನ್ನು ಬಿಟ್ಟು ಬೇರೆಯವರ ಮಾತು ಕೇಳುವುದಿಲ್ಲ."

"ಒಳ್ಳೆ ಗುಣ" ಎಂದು ಲಾಯರ್ ನಿಟ್ಟುಸಿರು ಬಿಟ್ಟರು.

ಆದರೆ ಅವರು ಓದಿ ಹೇಳಿದ ಒಂದು ಮಾತು ಚಿನ್ನದಂಥದ್ದು. ಫೇಲ್‌ಸೇಫ್. ರಿಮೋಟ್ ಆಫ್ ಮಾಡಿದ ಕೂಡಲೇ ಚಕ್ರವೂ ಆಯುಧವೂ ನಿಲ್ಲಬೇಕು. ಅಖಾಡಕ್ಕೆ ಬಿಡುವ ಮುನ್ನ ಇದನ್ನು ಪರೀಕ್ಷೆ ಮಾಡುತ್ತಾರೆ, ನಿಲ್ಲದಿದ್ದರೆ ಅಲ್ಲಿಂದಲೇ ವಾಪಸ್. ಜೊತೆಗೆ ಆಯುಧಕ್ಕೆ ಅಡ್ಡ ಪಿನ್ ಇರಬೇಕು, ಅಖಾಡದೊಳಗೆ ಇಟ್ಟ ಮೇಲಷ್ಟೇ ಅದನ್ನು ತೆಗೆಯಬೇಕು. ಮೇಜಿನ ಮೇಲೆ "ಒಂದು ಸಲ ತಿರುಗಿಸಿ ನೋಡೋಣ" ಎನ್ನುವವರನ್ನು ನಮ್ಮ ಗುಂಪಿನಲ್ಲಿ ಕೋಣೆಯಿಂದ ಆಚೆ ಕಳಿಸುವ ಪದ್ಧತಿ ಇದೆ. ದಪ್ಪ ಪಾಲಿಕಾರ್ಬನೇಟ್ ಪೆಟ್ಟಿಗೆಯೊಳಗಲ್ಲದೆ ಆಯುಧ ತಿರುಗಕೂಡದು. ಡ್ರಿಲ್ಲಣ್ಣ ಆಚೆ ಹೋಗಿ ಬಂದವನು.

"ಉತ್ತರನ ಪೌರುಷ ಒಲೆ ಮುಂದೆ. ನಿನ್ನದು ಮೇಜಿನ ಮುಂದೆ" ಎಂದು ಮೇಷ್ಟ್ರು ಅವನನ್ನು ಇನ್ನೂ ಕೆಣಕುತ್ತಾರೆ.

ನಿಜ ಹೇಳಬೇಕೆಂದರೆ ಈ ಜಗಳದಲ್ಲಿ ನಾನು ಮೇಷ್ಟ್ರ ಪಕ್ಷ. ಅಗ್ಗದ ರೋಬೋಟುಗಳನ್ನು ಎದುರಾಳಿಯ ಬ್ಲೇಡ್ ಕೊಲ್ಲುವುದು ಕಡಿಮೆ. ಕೊಲ್ಲುವುದು ಒಳಗಿನ ವೈರು. ಎನ್20 ಮೋಟಾರಿನ ಬೆನ್ನಿಗೆ ಎರಡು ಲೋಹದ ನಾಲಿಗೆಗಳಿರುತ್ತವೆ, ಉಗುರಿನ ತುದಿಯಷ್ಟು ಕೂಡ ಇಲ್ಲ. ವೈರನ್ನು ಅಲ್ಲಿ ಬೆಸೆದು ಒಂದೆರಡು ಸಲ ಆಚೆ ಈಚೆ ಬಗ್ಗಿಸಿದರೆ ನಾಲಿಗೆಯೇ ಬುಡದಿಂದ ಕಿತ್ತುಬರುತ್ತದೆ. ಆಮೇಲೆ ಆ ಮೋಟಾರ್ ತೋರಣ ಕಟ್ಟುವುದಕ್ಕೂ ಬಾರದು. ಅದಕ್ಕೇ ಬೆಸೆದ ತಕ್ಷಣ ಒಂದು ತೊಟ್ಟು ಹಾಟ್ ಗ್ಲೂ ಸುರಿದು ವೈರು ಅಲ್ಲಾಡದಂತೆ ಮಾಡಬೇಕು. ಸ್ಕ್ರೂಗಳಿಗೆ ಥ್ರೆಡ್‌ಲಾಕ್ ಎಂಬ, ಸಡಿಲವಾಗದಂತೆ ಹಿಡಿಯುವ ಅಂಟು ಹಚ್ಚಬೇಕು, ಇಲ್ಲದಿದ್ದರೆ ಆಯುಧದ ನಡುಕಕ್ಕೆ ಅವು ತಾವಾಗಿಯೇ ಬಿಚ್ಚಿಕೊಳ್ಳುತ್ತವೆ. ಬ್ಯಾಟರಿ ಕನೆಕ್ಟರ್ ಬಿಗಿಯಾಗಿರಬೇಕು. ಇದೆಲ್ಲ ಯಾರೂ ವಿಡಿಯೋ ಮಾಡಿ ಹಾಕದ ಕೆಲಸ. ಒಂದು ಕನೆಕ್ಟರ್ ಕಳಚಿಕೊಂಡಿತೆಂದರೆ ರೋಬೋಟ್ ಮೈಯಲ್ಲಿ ಒಂದು ಗೀರೂ ಇಲ್ಲದೆ ನಡು ಅಖಾಡದಲ್ಲಿ ಧ್ಯಾನಕ್ಕೆ ಕೂರುತ್ತದೆ. ರೆಫರಿ ಹತ್ತರವರೆಗೆ ಎಣಿಸುತ್ತಾರೆ. ನಾವೂ ಮನಸ್ಸಿನಲ್ಲೇ ಎಣಿಸುತ್ತೇವೆ.

"ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ. ಚಕ್ರ ತಿರುಗಲಿ ಮೊದಲು" ಎಂದೆ.

ಬ್ಯಾಟರಿ ವಿಷಯಕ್ಕೆ ಬಂದಾಗ ಮಾತ್ರ ತಮಾಷೆ ನಿಂತಿತು. ಲೈಪೋ ಸೆಲ್ಲಿಗೆ 4.2 ವೋಲ್ಟ್ ತುಂಬಿದರೆ ಸಾಕು, ಅದಕ್ಕಿಂತ ಮೇಲೆ ಹೋಗಬಾರದು. ಬ್ಲೇಡ್ ತಾಗಿ ತೂತಾದರೆ ಉಬ್ಬಿ ಹೊಗೆ ಕಾರಿ ಬೆಂಕಿ ಹತ್ತಬಹುದು. ಆದ್ದರಿಂದ ಅದು ಹಲಗೆಗಳ ನಡುವೆ, ಸ್ಕ್ರೂ ತುದಿಗಳಿಂದ ದೂರ, ಮೆತ್ತಗೆ ಕೂರಬೇಕು. ಬೆಂಕಿ ತಡೆಯುವ ಚೀಲದಲ್ಲಿಟ್ಟು ಚಾರ್ಜ್ ಮಾಡಬೇಕು, ಪಕ್ಕದಲ್ಲಿ ಮರಳಿನ ಬಕೆಟ್ ಇದ್ದರೆ ಇನ್ನೂ ಒಳ್ಳೆಯದು. ಬಡ ರೋಬೋಟಿನಲ್ಲಿ ಯಾವುದಕ್ಕೆ ಬೇಕಾದರೂ ಕೈ ಬಿಗಿ ಹಿಡಿಯಿರಿ, ಬ್ಯಾಟರಿಗೆ ಮತ್ತು ಚಾರ್ಜರಿಗೆ ಬೇಡ.

ಪುಟ್ಟಿ ಅಷ್ಟು ಹೊತ್ತು ಎಲ್ಲ ಕೇಳಿಸಿಕೊಂಡು ಕೊನೆಗೆ ಬಾಯಿ ತೆರೆದಳು. "ನನಗೆ ಆಯುಧ ಬೇಡ. ಮುಂದೆ ಒಂದು ಇಳಿಜಾರು ತಗಡು ಕೊಡಿ. ನೆಲಕ್ಕೆ ತಾಗಿಕೊಂಡಿರಲಿ. ಅವನ ಕೆಳಗೆ ನುಗ್ಗಿ ಎತ್ತಿ ಗೋಡೆಗೆ ಗುದ್ದಿಸುತ್ತೇನೆ. ಮತ್ತೆ ರೋಬೋಟಿಗಿಂತ ಚಕ್ರ ಎತ್ತರ ಇರಲಿ. ಆಗ ತಲೆಕೆಳಗಾದರೂ ಓಡುತ್ತೆ."

"ನೆಲದಲ್ಲಿ ಹಲಗೆಗಳ ಜೋಡಣೆ ಇರುತ್ತಲ್ಲ, ತಗಡು ಅಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ" ಎಂದ ಡ್ರಿಲ್ಲಣ್ಣ.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದರು ಲಾಯರ್ ಹುಮ್ಮಸ್ಸಿನಿಂದ.

"ಇಲ್ಲ ಲಾಯರೇ, ಇಲ್ಲಿ ನೆಲ ನಿಜವಾಗಿಯೂ ಡೊಂಕು ಇರುತ್ತೆ" ಎಂದಳು ಪುಟ್ಟಿ. ಗಾದೆಯೊಂದು ಸೋತದ್ದನ್ನು ನಾನು ಕಣ್ಣಾರೆ ಕಂಡದ್ದು ಆಗಲೇ. ನೆಲಕ್ಕೆ ತೀರಾ ಅಂಟಿಕೊಂಡ ತಗಡು ಒಂದು ಕೂದಲೆಳೆಯಷ್ಟು ಎತ್ತರದ ಜೋಡಣೆಗೂ ತಡೆದು ನಿಲ್ಲುತ್ತದೆ. ನಿಂತ ರೋಬೋಟ್ ಎಂದರೆ ಎದುರಾಳಿಗೆ ಹಬ್ಬ.

ಕೊನೆಗೆ ಲಾಯರೇ ದಾರಿ ತೋರಿಸಿದರು. ಅನೇಕ ಸ್ಪರ್ಧೆಗಳಲ್ಲಿ ಪಂದ್ಯದಿಂದ ಪಂದ್ಯಕ್ಕೆ ಮೂತಿ ಬದಲಿಸಿಕೊಳ್ಳಬಹುದು, ಯಾವ ಮೂತಿ ಹಾಕಿದರೂ ಒಟ್ಟು ತೂಕ ಮಿತಿಯೊಳಗೆ ಇದ್ದರಾಯಿತು. ತಿರುಗುವ ಬ್ಲೇಡಿನವನು ಎದುರಾದರೆ ಪುಟ್ಟಿಯ ತಗಡು. ತಗಡಿನವನು ಎದುರಾದರೆ ಡ್ರಿಲ್ಲಣ್ಣನ ಪಟ್ಟಿ. ತೀರ್ಪುಗಾರರು ನೋಡುವುದು ಎಷ್ಟು ಹಾನಿ ಮಾಡಿದೆ, ಎಷ್ಟು ಮುನ್ನುಗ್ಗಿದೆ, ಎಷ್ಟು ಹಿಡಿತದಲ್ಲಿದೆ ಎಂದು. ಮೊದಲನೆಯದು ಡ್ರಿಲ್ಲಣ್ಣನ ಪಾಲಿಗೆ, ಉಳಿದೆರಡು ಪುಟ್ಟಿಗೆ.

ಮಾತು ಮುಗಿದು ಕೆಲಸ ನಡೆದು, ಒಂದು ಸಂಜೆ ರೋಬೋಟ್ ತಕ್ಕಡಿ ಏರಿತು. ತಗಡಿನ ಮೂತಿಯಲ್ಲಿ 441 ಗ್ರಾಂ. ಚಪ್ಪಾಳೆ. ಪಟ್ಟಿಯ ಮೂತಿಯಲ್ಲಿ 457.

"ಮೂರು ಗ್ರಾಂ! ಈಗ ಇಳಿಸುತ್ತೇನೆ" ಎಂದು ಡ್ರಿಲ್ಲಣ್ಣ ಎದ್ದ. ಅವನ ಜೀವನದ ಅತ್ಯಂತ ಸುಖದ ಕ್ಷಣ ಅದು. ಆದರೆ ಹಲಗೆಯಲ್ಲಿ ಇನ್ನು ತೂತು ಕೊರೆಯಲು ತೂತುಗಳ ನಡುವೆ ಜಾಗವೇ ಉಳಿದಿರಲಿಲ್ಲ. ಉದ್ದದ ಸ್ಕ್ರೂಗಳ ಬಾಲ ಕತ್ತರಿಸಿದೆವು. ವೈರುಗಳನ್ನು ಗಿಡ್ಡ ಮಾಡಿದೆ. ಹಾಟ್ ಗ್ಲೂ ಕಡಿಮೆ ಮಾಡಿ ಎಂದರು, ನಾನು ಒಪ್ಪಲಿಲ್ಲ. ತಕ್ಕಡಿ 455ಕ್ಕೆ ಬಂದು ಮೊಂಡು ಹಿಡಿದು ನಿಂತಿತು.

ಆಗ ಎಲ್ಲರ ಕಣ್ಣೂ ಒಟ್ಟಿಗೆ ರೋಬೋಟಿನ ಬೆನ್ನಿನ ಮೇಲೆ ಬಿತ್ತು. ಅಲ್ಲಿ ದಪ್ಪನೆಯ ಸ್ಟಿಕ್ಕರಿನಲ್ಲಿ ನಮ್ಮ ಐದೂ ಜನರ ಹೆಸರು ಸಾಲಾಗಿ ಮೆರೆಯುತ್ತಿತ್ತು.

"ಪೂರ್ತಿ ಕೀಳುವುದು ಬೇಡ. ಒಂದು ಗ್ರಾಂ ಇಳಿದರೆ ಸಾಕು" ಎಂದರು ಮೇಷ್ಟ್ರು. "ಎರಡು ಹೆಸರು ತೆಗೆದರೆ ಆಯಿತು."

"ಯಾರದು?" ಎಂದರು ಲಾಯರ್, ಕೈಯಲ್ಲಿದ್ದ ನಿಯಮ ಪುಸ್ತಕ ಮುಚ್ಚಿ.

ಡ್ರಿಲ್ಲಣ್ಣ ಬ್ಲೇಡ್ ಎತ್ತಿಕೊಂಡ. "ಹೆಸರು ಉದ್ದ ಇದ್ದವರದು ಮೊದಲು. ನಿಮ್ಮ ಪೂರ್ತಿ ಹೆಸರು ಇನಿಶಿಯಲ್ ಸಮೇತ ಹಾಕಿಸಿಕೊಂಡದ್ದು ಯಾರು ಲಾಯರೇ?"