ಪದಚರ್ಚೆ: ಪ್ರಿಂಟರ್ ಹೆಡ್ಡು ‘ಕಟ್ಟಿದೆ’ ಅನ್ನೋದೋ, ‘ಹಕ್ಕಳೆಗಟ್ಟಿದೆ’ ಅನ್ನೋದೋ?

ಎಲ್ರಿಗೂ ನಮಸ್ಕಾರ. ಒಂದು ಪದದ ವಿಚಾರದಲ್ಲಿ ನಿಮ್ಮ ಅಭಿಪ್ರಾಯ ಬೇಕಿತ್ತು. ಶಿರಸಿಯಲ್ಲಿ ನಮ್ಮದು ಝೆರಾಕ್ಸು, ಡಿಟಿಪಿ ಅಂಗಡಿ. ಲಾಕ್‌ಡೌನ್ ಟೈಮಲ್ಲಿ ಮಕ್ಕಳ ಆನ್‌ಲೈನ್ ಕ್ಲಾಸಿಗೆ ಅಂತ ಸುತ್ತಲಿನ ಹಳ್ಳಿಯವರು ಸುಮಾರು ಜನ ಇಂಕ್ ಟ್ಯಾಂಕಿನ ಪ್ರಿಂಟರ್ ತಗೊಂಡಿದ್ರು, ಈಗ ಅದು ಮೂಲೇಲಿ ಕೂತಿರ್ತದೆ, ಯಾವಾಗ್ಲೋ ಒಂದು ಪಹಣಿ ಪ್ರಿಂಟು ತೆಗಿಬೇಕು ಅಂದಾಗ ಅಡ್ಡಡ್ಡ ಬಿಳಿ ಗೆರೆ ಬರ್ತದೆ, ಇಲ್ಲಾಂದ್ರೆ ಕಪ್ಪು ಬಣ್ಣವೇ ಬರೋದಿಲ್ಲ, ಆಮೇಲೆ ಗೋಣಿಚೀಲ ಸುತ್ತಿ ಬಸ್ಸಲ್ಲಿ ಹೊತ್ಕೊಂಡು ನಮ್ಮಲ್ಲಿಗೆ ಬರ್ತಾರೆ. ಹೆಚ್ಚಿನದು ಮನೇಲೇ ಸರಿಮಾಡ್ಕೊಳ್ಳೋವಂಥದ್ದು. ಹಾಗಾಗಿ ಕನ್ನಡದಲ್ಲಿ ಒಂದು ಹಾಳೆ ಬರೆದು ಕೈಗೆ ಕೊಡೋಣ ಅಂತ ಶುರು ಮಾಡಿದೆ, ಮೊದಲ ಸಾಲಲ್ಲೇ ಪೆನ್ನು ನಿಂತಿತು. ಹೆಡ್ಡಿಗೆ, ಅಂದ್ರೆ ಹಾಳೆ ಮೇಲೆ ಇಂಕು ಚಿಮ್ಮಿಸೋ ಭಾಗಕ್ಕೆ, ಏನಾಗಿದೆ ಅಂತ ಬರಿಯೋದು?

ಅಂಗಡಿಗೆ ಬರೋವ್ರಲ್ಲಿ ಅರ್ಧ ಜನ ‘ಬ್ಲಾಕ್ ಆಗಿದೆ’ ಅಂತಾರೆ. ಮನೆಮಾತು ಹವ್ಯಕ ಇದ್ದೋರು ‘ಕಟ್ಟಿ ಹೋಯ್ದು’ ಅಂತಾರೆ. ಮುಂಡಗೋಡ, ಹಳಿಯಾಳ ಕಡೆಯವರು ‘ಬಂದ್ ಬಿದ್ದೈತ್ರಿ’. ಒಬ್ರು ಮೇಷ್ಟ್ರು ‘ಮುದ್ರಣಶಿರದಲ್ಲಿ ಅಡಚಣೆ’ ಅಂತ ಬರೀರಿ ಅಂದ್ರು, ಅದನ್ನ ಓದಿ ಯಾರೂ ಪ್ರಿಂಟರಿನ ಮುಚ್ಚಳ ತೆಗಿಯೋದಿಲ್ಲ, ಡಾಕ್ಟ್ರಿಗೆ ಫೋನ್ ಮಾಡ್ತಾರೆ.

ನನಗೆ ಮೊದಲು ‘ಕಟ್ಟು’ ಅನ್ನೋದೇ ಸರಿ ಅನ್ನಿಸಿತ್ತು. ಮೂಗು ಕಟ್ತದೆ, ಗಂಟಲು ಕಟ್ತದೆ, ಚರಂಡಿ ಕಟ್ತದೆ. ಅದಕ್ಕೆ ವಿರುದ್ಧ ಪದವೂ ತಯಾರಿದೆ, ‘ಮೂಗು ಬಿಟ್ಟಿತು’ ಅಂತೀವಲ್ಲ, ಹಾಗೇ ಹೆಡ್ಡು ಕಟ್ಟಿದ್ದನ್ನ ‘ಬಿಡಿಸೋದು’. ಆದ್ರೆ ಅಡಿಕೆ ತೋಟದವರ ಬಾಯಲ್ಲಿ ‘ಕಟ್ಟಿದೆ’ ಅನ್ನೋ ಮಾತಿನ ಹಿಂದೇ ಒಂದು ತಂತಿ ಬರ್ತದೆ ಮಾರಾಯ್ರೆ. ಕೊಳೆರೋಗಕ್ಕೆ ಬೋರ್ಡೋ ಹೊಡೀತೀವಲ್ಲ, ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, 100 ಲೀಟರ್ ನೀರು, ಸುಣ್ಣ ಸರಿಯಾಗಿ ಸೋಸದೇ ಇದ್ರೆ ಹರಳು ಹೋಗಿ ಪಂಪಿನ ನೋಜಲ್ಲು ಕಟ್ತದೆ, ಆಗ ಏನು ಮಾಡ್ತಾರೆ? ಬಿಚ್ಚಿ, ಸಣ್ಣ ತಂತಿ ತೂರಿಸಿ, ಬಾಯಲ್ಲಿ ಉಫ್ ಅಂತ ಊದಿ ಮತ್ತೆ ಹಾಕ್ತಾರೆ. ಸ್ಪ್ರಿಂಕ್ಲರ್ ಜೆಟ್ಟಿಗೂ ಅದೇ ಉಪಚಾರ. ಹಳೇ ಸೀಮೆಎಣ್ಣೆ ಸ್ಟೋವಿಗಂತೂ ಪಿನ್ನು ಅಂತಲೇ ಮಾರ್ತಿದ್ರು.

ಪ್ರಿಂಟರ್ ಹೆಡ್ಡಿಗೆ ಪಿನ್ನು ಹಾಕಿದ್ರೆ ಕಥೆ ಮುಗೀತು. ಅದರ ತೂತುಗಳು ನಮ್ಮ ತಲೆಕೂದಲಿಗಿಂತ ಎಷ್ಟೋ ಸಣ್ಣ, ಒಂದೊಂದು ಬಣ್ಣಕ್ಕೆ ಸಾಲುಸಾಲಾಗಿ ಇರ್ತವೆ, ಕಣ್ಣಿಗೆ ಕಾಣೋದು ಒಂದು ತೆಳ್ಳಗಿನ ಹೊಳೆಯೋ ಪಟ್ಟಿ ಮಾತ್ರ. ಸೂಜಿಯ ತುದಿ ಆ ತೂತಿನೊಳಗೆ ಹೋಗೋದೇ ಇಲ್ಲ, ಪಟ್ಟಿಯನ್ನ ಗೀರಿ ಹಾಳು ಮಾಡ್ತದೆ. ಕಂಪ್ರೆಸರ್ ಗಾಳಿ ಹೊಡೆದ್ರೂ ಅಷ್ಟೇ, ಒಳಗಿನ ತೆಳ್ಳಗಿನ ಪದರ ತಡೆಯೋದಿಲ್ಲ. ಅಂದ್ರೆ ನಾನು ‘ಕಟ್ಟಿದೆ’ ಅಂತ ಬರೆದ್ರೆ ಕೆಳಗೆ ದಪ್ಪಕ್ಷರದಲ್ಲಿ ‘ಚುಚ್ಚಬೇಡಿ’ ಅಂತಲೂ ಬರೀಬೇಕು, ಅದನ್ನ ಯಾರು ಓದ್ತಾರೆ.

ನಿಜಕ್ಕೂ ಅಲ್ಲಿ ಆಗೋದು ಹೊರಗಿಂದ ಕಸ ಬಂದು ಸಿಕ್ಕಿಕೊಳ್ಳೋದಲ್ಲ. ಇಂಕಿನ ನೀರು ಆರಿ, ಉಳಿದದ್ದು ತೂತಿನ ಬಾಯಲ್ಲೇ ಗಟ್ಟಿಯಾಗೋದು. ಅಡಿಕೆ ಬೇಯಿಸಿದ ಹಂಡೆಗೆ ಚೊಗರು ಕಚ್ಚಿಕೊಂಡ ಹಾಗೆ, ಕೆರೆದ್ರೆ ಏಳೋದಿಲ್ಲ, ಬಿಸಿನೀರು ಹಾಕಿ ಬಿಡಬೇಕು. ಅದಕ್ಕೇ ನನ್ನ ತಲೇಲಿ ಓಡ್ತಾ ಇರೋ ಪದ ‘ಹಕ್ಕಳೆ’. ಗಾಯದ ಮೇಲೆ ಹಕ್ಕಳೆಗಟ್ತದೆ, ಅದನ್ನ ಕೀಳಬಾರದು, ಒದ್ದೆ ಮಾಡಿ ಮೆತ್ತಗಾಗಲಿಕ್ಕೆ ಬಿಡಬೇಕು ಅಂತ ಸಣ್ಣ ಮಕ್ಕಳಿಗೂ ಗೊತ್ತು. ‘ಹೆಡ್ಡಿನ ಬಾಯಿಗೆ ಇಂಕು ಹಕ್ಕಳೆಗಟ್ಟಿದೆ’ ಅಂದ್ರೆ ಮುಂದಿನ ಕೆಲಸ ‘ನೆನೆಸೋದು’ ಅಂತ ಹೇಳದೇ ಹೊಳೀತದೆ. ಉಪಚಾರವೂ ಅದೇ ತಾನೆ. ಪ್ರಿಂಟರಿನ ಮೆನುವಲ್ಲೇ ಇರೋ ಹೆಡ್ ಕ್ಲೀನಿಂಗ್ ಎರಡ್ಮೂರು ಸಲ ಕೊಟ್ಟು, ಆಗ್ಲಿಲ್ಲ ಅಂದ್ರೆ ಒಂದು ರಾತ್ರಿ ಸುಮ್ನೆ ಬಿಟ್ಟು ಮತ್ತೆ ನೋಡೋದು, ಹೊಸ ಇಂಕಿನ ತೇವಕ್ಕೇ ಎಷ್ಟೋ ಸಲ ಹಳೇದು ಸಡಿಲಾಗ್ತದೆ. ಆಗ್ಲೂ ಬರ್ಲಿಲ್ಲ ಅಂದ್ರೆ ಬಟ್ಟೆಯನ್ನ ಉಗುರುಬೆಚ್ಚಗಿನ ನೀರಲ್ಲಿ ಅದ್ದಿ ಹಿಂಡಿ, ಮಡಚಿ, ಹೆಡ್ಡು ಅದರ ಮೇಲೆ ಬಂದು ಕೂರೋ ಹಾಗೆ ಇಟ್ಟು ಕೆಲವು ತಾಸು ಬಿಡೋದು. ತೆಗ್ದಾಗ ಬಟ್ಟೆ ಮೇಲೆ ಕಪ್ಪು, ಹಳದಿ, ಕೆಂಪು, ನೀಲಿ ಪಟ್ಟಿ ಬೇರೆಬೇರೆಯಾಗಿ ಮೂಡಿದ್ರೆ ಬಿಟ್ಟಿದೆ ಅಂತ ಲೆಕ್ಕ, ಯಾವ ಬಣ್ಣ ಮೂಡಿಲ್ವೋ ಅದಿನ್ನೂ ಹಿಡಿದಿದೆ.

ಇಲ್ಲಿ ‘ನೀರು’ ಅಂತ ಬರೀಲಿಕ್ಕೂ ಹೆದರಿಕೆ. ಬಾವಿ ನೀರಲ್ಲಿರೋ ಲವಣ ಆರಿದ ಮೇಲೆ ಅದೇ ಹೊಸ ಹಕ್ಕಳೆ ಆಗ್ತದೆ. ‘ಭಟ್ಟಿ ಇಳಿಸಿದ ನೀರು’ ಅಂತ ಪಾಠದ ಪುಸ್ತಕದಲ್ಲಿ ಓದಿದ್ದು ಸರಿ, ಆದ್ರೆ ಹಳ್ಳೀಲಿ ಭಟ್ಟಿ ಅಂದ್ರೆ ಬೇರೆಯೇ ನಗು ಶುರುವಾಗ್ತದೆ. ಇನ್ವರ್ಟರ್ ಇಲ್ಲದ ಮನೆ ನಮ್ಮಲ್ಲಿ ಕಮ್ಮಿ, ಹಾಗಾಗಿ ‘ಬ್ಯಾಟರಿಗೆ ಹಾಕೋ ನೀರು’ ಅಂತ ಬರೆದಿದ್ದೀನಿ, ಪಕ್ಕದಲ್ಲೇ ‘ಆಸಿಡ್ ಅಲ್ಲ’ ಅಂತಲೂ. ಸ್ಯಾನಿಟೈಜರ್ ಹಾಕೋವ್ರೂ ಇದ್ದಾರೆ, ಅದರಲ್ಲಿ ಗ್ಲಿಸರಿನ್ನೋ ಜೆಲ್ಲೋ ಏನಾದ್ರೊಂದು ಸೇರಿರ್ತದೆ, ಬೇಡ.

ಈಗ ಎರಡನೇ ತೊಡಕು. ಕಪ್ಪು ಬರೋದಿಲ್ಲ ಅಂತ ಬರೋ ಎಲ್ಲ ಪ್ರಿಂಟರಿಗೂ ಹಕ್ಕಳೆಯೇ ಕಾರಣ ಅಲ್ಲ. ಟ್ಯಾಂಕಿಂದ ಹೆಡ್ಡಿಗೆ ಹೋಗೋ ಸಣ್ಣ ಪೈಪಲ್ಲಿ ಗಾಳಿ ಸೇರಿಕೊಂಡ್ರೂ ಇಂಕು ಬರೋದಿಲ್ಲ, ಟ್ಯಾಂಕು ಪೂರ್ತಿ ಖಾಲಿಯಾಗೋವರೆಗೆ ಬಿಟ್ಟೋರಿಗೆ ಇದು ಆಗೋದು ಜಾಸ್ತಿ. ಎರಡಕ್ಕೂ ‘ಬ್ಲಾಕ್’ ಅಂತಲೇ ಅಂತಾರೆ. ಗುರುತು ಹಿಡಿಯೋದು ನೋಜಲ್ ಚೆಕ್ ಹಾಳೆ (ತೂತುಗಳಿಂದ ಇಂಕು ಸರಿಯಾಗಿ ಬರ್ತದಾ ಅಂತ ಪ್ರಿಂಟರೇ ತೆಗೆದುಕೊಡೋ ಪರೀಕ್ಷೆ ಹಾಳೆ) ನೋಡಿ: ಎಷ್ಟು ಸಲ ತೆಗೆದ್ರೂ ಅದೇ ಜಾಗದಲ್ಲಿ ಗೆರೆ ತಪ್ಪಿದ್ರೆ ಹಕ್ಕಳೆ, ಒಂದೊಂದು ಸಲ ಒಂದೊಂದು ಕಡೆ ತಪ್ಪಿದ್ರೆ, ಅಥವಾ ಹಾಳೆ ಮೇಲ್ಗಡೆ ಚೆನ್ನಾಗಿ ಬಂದು ಕೆಳಗೆ ಹೋಗ್ತಾ ಹೋಗ್ತಾ ಮಾಸಿದ್ರೆ ಹೆಚ್ಚಾಗಿ ಗಾಳಿ. ಇದಕ್ಕೆ ಪದ ಹುಡುಕೋ ಕಷ್ಟವೇ ಇಲ್ಲ, ಬಾವಿ ಪಂಪಿಗೆ ಹೇಳೋ ‘ಏರ್ ಹಿಡಿದಿದೆ’ ಸಾಕು. ಹೀಗೆ ಎರಡು ಪದ ಬೇರೆ ಮಾಡ್ಲೇಬೇಕು ಅನ್ನೋದಕ್ಕೆ ಕಾರಣ, ಏನು ಅಂತ ನೋಡದೇ ಕ್ಲೀನಿಂಗ್ ಮೇಲೆ ಕ್ಲೀನಿಂಗ್ ಕೊಡ್ತಾ ಹೋದ್ರೆ ಪ್ರತಿ ಸಲವೂ ಎಳ್ಕೊಂಡ ಇಂಕು ಕೆಳಗಿನ ಸ್ಪಂಜಿಗೆ ಹೋಗ್ತದೆ, ಸ್ಪಂಜು ತುಂಬಿತು ಅಂತ ಲೆಕ್ಕ ಆದ ದಿನ ಎಷ್ಟೋ ಪ್ರಿಂಟರು ಕೆಲಸವನ್ನೇ ನಿಲ್ಲಿಸಿಬಿಡ್ತವೆ. ಆ ಸ್ಪಂಜಿಗೂ ನಾನು ‘ಕೊಚ್ಚೆ ಸ್ಪಂಜು’ ಅಂತ ಹಾಕಿದ್ದೀನಿ, ಹೆಂಡತಿಗೆ ಹಿಡಿಸಿಲ್ಲ.

ಮೂರನೇದು ಸಣ್ಣದು, ಆದ್ರೆ ನಮ್ಮೂರಿನ ಮಟ್ಟಿಗೆ ಹೆಡ್ಡು ಒಣಗೋದಕ್ಕೆ ಇದೂ ದೊಡ್ಡ ಕಾರಣ. ಏಪ್ರಿಲ್ ಮೇ ತಿಂಗಳಲ್ಲಿ ಗುಡುಗು ಕೇಳಿದ್ದೇ ತಡ ಎಲ್ಲರೂ ಪ್ಲಗ್ಗು ಕೀಳ್ತಾರೆ, ಅದು ಸರಿಯೇ. ಆದ್ರೆ ಪ್ರಿಂಟರಿನ ಸ್ವಿಚ್ಚನ್ನೇ ಒತ್ತಿ ಆರಿಸಿದ್ರೆ ಹೆಡ್ಡು ಬಲಗಡೆಯ ಮೂಲೆಗೆ ಹೋಗಿ ರಬ್ಬರಿನ ಮುಚ್ಚಳದ ಮೇಲೆ ಕೂರ್ತದೆ, ತೇವ ಉಳೀತದೆ. ನಡುವೆ ಪ್ಲಗ್ಗು ಕಿತ್ರೆ ಎಲ್ಲಿತ್ತೋ ಅಲ್ಲೇ ಬಾಯಿ ತೆರ್ಕೊಂಡು ನಿಂತಿರ್ತದೆ. ಇದಕ್ಕೆ ನಾನು ‘ಹೆಡ್ಡು ಗೂಡು ಸೇರಿದ ಮೇಲೆ ಪ್ಲಗ್ಗು ತೆಗೀರಿ’ ಅಂತ ಬರೆದಿದ್ದೀನಿ. ‘ಗೂಡು ಸೇರು’ ಓದಿದ ಕೂಡ್ಲೇ ಅರ್ಥ ಆಗ್ತದಾ, ಅಥವಾ ‘ತನ್ನ ಜಾಗಕ್ಕೆ ಹೋಗಿ ಕೂತ ಮೇಲೆ’ ಅಂತ ಉದ್ದಕ್ಕೆ ಬರೀಲಾ?

‘ಹೆಡ್ಡು’ ಅನ್ನೋದನ್ನ ‘ತಲೆ’ ಮಾಡೋ ಆಲೋಚನೆ ಬಿಟ್ಟಿದ್ದೀನಿ, ‘ತಲೆ ತೊಳೆಯಿರಿ’ ಅಂದ್ರೆ ರಾಜಕೀಯ ಭಾಷಣದ ಹಾಗೆ ಕೇಳ್ತದೆ. ‘ಶಾಯಿ’ಯನ್ನೂ ಬಿಟ್ಟೆ. ಓಟು ಹಾಕಿದ ಬೆರಳಿನ ಸುದ್ದಿಯಲ್ಲಿ ಪೇಪರಿನವರು ಬರೀತಾರೆ ಬಿಟ್ರೆ ಅಂಗಡಿಗೆ ಬಂದು ಶಾಯಿ ಕೊಡಿ ಅಂತ ಕೇಳಿದವರನ್ನ ನಾನು ನೋಡಿಲ್ಲ. ನಮ್ಮಜ್ಜಿ ‘ಮಸಿ’ ಅಂತಿದ್ರು, ಆದ್ರೆ ನಮ್ಮ ಕಡೆ ಮಸಿ ಅಂದ್ರೆ ಪಾತ್ರೆ ತಳದ್ದೂ ಹೌದು. ಇಂಕು ಇಂಕಾಗೇ ಇರಲಿ.

ಹಾಂ, ಒಂದು ಸೇರಿಸಬೇಕು. ಮೇಲೆ ಹೇಳಿದ್ದು ಹೆಡ್ಡು ಪ್ರಿಂಟರಿಗೇ ಕೂಡಿಕೊಂಡಿರೋ ಎಪ್ಸನ್ ಥರದ್ದಕ್ಕೆ. ಎಚ್‌ಪಿ, ಕ್ಯಾನನ್‌ನ ಸಣ್ಣ ಕಾರ್ಟ್ರಿಜ್ ಪ್ರಿಂಟರುಗಳಲ್ಲಿ ಹೆಡ್ಡು ಕಾರ್ಟ್ರಿಜ್ಜಿನ ಮೈಯಲ್ಲೇ ಇರ್ತದೆ, ಅದನ್ನ ಹೊರಗೆ ತೆಗೆದು ಒದ್ದೆ ಟಿಶ್ಯೂ ಮೇಲೆ ಬಾಯಿ ಕೆಳಗಾಗಿ ಸ್ವಲ್ಪ ಹೊತ್ತು ಒತ್ತಿ ಹಿಡಿದ್ರೆ ಆಯ್ತು, ತಾಮ್ರದ ಚುಕ್ಕೆಗಳನ್ನ ಮಾತ್ರ ಮುಟ್ಟಬಾರದು. ಈ ಹೆಡ್ಡುಗಳು ಕಾಯಿಸಿ ಇಂಕು ಚಿಮ್ಮಿಸೋ ಜಾತಿ, ಇಂಕು ಇಲ್ಲದೇ ಸುಮ್ನೆ ಓಡಿಸ್ತಾ ಇದ್ರೆ ಸುಟ್ಟೇ ಹೋಗ್ತವೆ.

ನನ್ನ ಪ್ರಶ್ನೆ ಇಷ್ಟು. ‘ಹಕ್ಕಳೆ’ ನಿಮ್ಮ ಕಡೆ ಗಾಯಕ್ಕೆ ಮಾತ್ರವೋ, ಗೋಡೆ ಸುಣ್ಣ, ಒಣಗಿದ ಪೇಂಟು, ಇಂಥದ್ದಕ್ಕೂ ಬಳಸ್ತೀರೋ? ‘ಹೆಕ್ಕಳೆ’ ಅಂತಲೂ ಕೇಳಿದ್ದೀನಿ, ಅಚ್ಚಿಗೆ ಯಾವುದು ಹಾಕ್ಲಿ? ಕಾರವಾರ, ಅಂಕೋಲಾ, ಕುಮಟಾ ಕಡೆಯವರು, ಅದ್ರಲ್ಲೂ ಮನೇಲಿ ಕೊಂಕಣಿ ಮಾತಾಡೋವ್ರು ಇದಕ್ಕೆ ಏನು ಅಂತೀರಿ ಅಂತ ದಯವಿಟ್ಟು ಬರೀರಿ, ಘಟ್ಟದ ಕೆಳಗಿಂದಲೂ ಗಿರಾಕಿ ಬರ್ತಾರೆ, ಅವರಿಗೂ ಇದೇ ಹಾಳೆ ಕೊಡೋದು.