ಹಿಮಾಲಯದ ಜಂಬು ಮೂಡಿಗೆರೆಯಲ್ಲಿ ಬೆಳೆಯುತ್ತಾ?

ಪ್ರಶ್ನೆ (ಮೂಡಿಗೆರೆ):
ಮಗಳು ಉತ್ತರಾಖಂಡದ ಮುನ್ಸಿಯಾರಿಯಿಂದ ಒಂದು ಪೊಟ್ಟಣ ಜಂಬು ತಂದಿದ್ದಾಳೆ. ಹಣ್ಣಲ್ಲ, ಒಗ್ಗರಣೆಗೆ ಹಾಕೋ ಒಣಗಿಸಿದ ಎಲೆ. ನೋಡೋಕೆ ಸುಮ್ನೆ ಒಣಹುಲ್ಲು. ನಿನ್ನೆ ತುಪ್ಪ ಕಾಯಿಸಿ ಒಂದು ಚಿಟಿಕೆ ಹಾಕಿದೆ. ಚುರ್ ಅಂದಿದ್ದೇ ತಡ, ಈರುಳ್ಳಿ ಬೆಳ್ಳುಳ್ಳಿ ಎರಡೂ ಸೇರಿದಂಥ ಘಮ ಹಿತ್ತಲವರೆಗೂ ಹೋಯಿತು. ಎಲೆ ಕಂದು ಬಣ್ಣಕ್ಕೆ ತಿರುಗುತ್ತಲೇ ಬೇಳೆ ಸಾರಿಗೆ ಸುರಿದೆ. ಇಂಗೂ ಬೇಕಾಗಲಿಲ್ಲ. ನಮ್ಮ ಅತ್ತೆ ಎರಡು ಸಲ ಬಡಿಸಿಕೊಂಡರು! ಬೀಜ ತರಿಸಿದರೆ ಕಾಫಿ ತೋಟದ ಅಂಚಿನಲ್ಲಿ ಬರುತ್ತಾ?

ಉತ್ತರ (ಚಿಕ್ಕಮಗಳೂರು):
ಕಷ್ಟ. ಇದು ಕಾಡು ಈರುಳ್ಳಿ, ವೈಜ್ಞಾನಿಕ ಹೆಸರು ಆಲಿಯಂ ಸ್ಟ್ರಾಚೆಯಿ. ಹೆಚ್ಚಾಗಿ 2,500 ಮೀಟರ್‌ಗಿಂತ ಮೇಲೆ ಬೆಳೆಯುತ್ತದೆ. ನಮ್ಮ ಮುಳ್ಳಯ್ಯನಗಿರಿಯೇ ಸುಮಾರು 1,930 ಮೀಟರ್, ಅಲ್ವಾ? ಜಂಬುವಿಗೆ ಹಿಮ ಬೀಳುವ ಚಳಿಗಾಲ ರೂಢಿ. ನಮ್ಮ ಜುಲೈ ಮಳೆಯಲ್ಲಿ ಗೆಡ್ಡೆ ಕೊಳೆತೇ ಹೋಗುತ್ತದೆ.

ಉತ್ತರ (ಸಕಲೇಶಪುರ):
ಬೆಳ್ಳುಳ್ಳಿ ವಾಸನೆಯ ಚೈವ್ಸ್ (ಈರುಳ್ಳಿ ಜಾತಿಯ ಸೊಪ್ಪು) ಹಾಕಿ ನೋಡಿ. ಮರಳು ಜಾಸ್ತಿ ಇರುವ ಕುಂಡ, ಸೂರಿನ ಕೆಳಗೆ, ನೀರು ನಿಲ್ಲಬಾರದು. ನನ್ನದು ಮೂರು ಮಳೆಗಾಲ ದಾಟಿದೆ. ಜಂಬುವಿನ ಘಮ ಖಂಡಿತ ಬರಲ್ಲ, ಆದರೆ ಚಟ್ನಿಗೆ ಚೆನ್ನಾಗಿರುತ್ತದೆ.

ಪ್ರಶ್ನೆ ಕೇಳಿದವರು:
ಸರಿ, ಕುಂಡ ಇವತ್ತೇ ತೊಳೆದಿಡ್ತೀನಿ. ಉಳಿದ ಜಂಬು ಮಳೆ ಶುರುವಾಗೋ ಮೊದಲು ಗಾಜಿನ ಭರಣಿಗೆ ಹಾಕಬೇಕು.