ಹವಳದ ಟ್ಯಾಂಕ್ ಲೈಟಿಗೆ 'ಬಿಸಿಲು' ಅನ್ನಬಹುದಾ?

ಎಲ್ರಿಗೂ ನಮಸ್ಕಾರ. ಹಾಸನದಲ್ಲಿ ಅಕ್ವೇರಿಯಂ ಅಂಗಡಿ ಇಟ್ಕೊಂಡಿರೋ ಗೆಳೆಯನಿಗೆ ಒಂದು ಪುಟದ ಕನ್ನಡ ಹ್ಯಾಂಡ್‌ಬಿಲ್ ಬರ್ಕೊಡ್ತಿದೀನಿ, ಸಣ್ಣ ಉಪ್ಪುನೀರಿನ ಟ್ಯಾಂಕಲ್ಲಿ ಹವಳ ಸಾಕೋರು ಲೈಟ್ ಹೇಗೆ ಆರಿಸ್ಕೋಬೇಕು ಅಂತ. ಒಂದು ಪದದ ವಿಷ್ಯದಲ್ಲಿ ನಿಮ್ಮ ಅಭಿಪ್ರಾಯ ಬೇಕು.

'ಬೆಳಕು' ಅಂದ್ರೆ ನಾವೆಲ್ಲ ಕಣ್ಣಿಗೆ ಕಾಣೋದನ್ನೇ ಲೆಕ್ಕ ಹಿಡೀತೀವಿ. ಹವಳದ ಲೆಕ್ಕ ಬೇರೆ. ಹವಳ ಪ್ರಾಣಿನೇ, ಆದ್ರೆ ಅದರ ಮೈಯೊಳಗೆ ಸೂಕ್ಷ್ಮ ಪಾಚಿ ವಾಸ ಮಾಡ್ತವೆ, ಅವು ಬೆಳಕಲ್ಲಿ ಆಹಾರ ಮಾಡ್ಕೊಂಡು ಹವಳಕ್ಕೂ ಪಾಲು ಕೊಡ್ತವೆ. 400ರಿಂದ 700 ನ್ಯಾನೊಮೀಟರ್ ಒಳಗಿನ ಬೆಳಕು ಅವಕ್ಕೆ ಎಷ್ಟು ಸಿಗ್ತಿದೆ ಅನ್ನೋದನ್ನ ಪಾರ್ (PAR) ಮೀಟರಲ್ಲಿ ಅಳೀತಾರೆ, ಆ ಅಳತೆಗೇ ಪಾರ್ ಅನ್ನೋದು. ನಮ್ಮ ಕಣ್ಣು 555ರ ಆಸುಪಾಸಿನ ಹಸಿರಿಗೆ ಚುರುಕು, ನೀಲಿಗೆ ಮಂಕು, ಹಂಗಾಗಿ 420ರಿಂದ 480ರ ನೀಲಿ ಎಲ್‌ಇಡಿ ಹಾಕಿದ್ರೆ ಟ್ಯಾಂಕು ಮುಸ್ಸಂಜೆ ಥರ ಕಾಣತ್ತೆ, ಗಿರಾಕಿ ಬಗ್ಗಿ ನೋಡಿ 'ಏನಣ್ಣ, ಬೆಳಕೇ ಇಲ್ವಲ್ಲ ಇದ್ರಲ್ಲಿ' ಅಂತಾನೆ, ಆಮೇಲೆ ಮನೆಗೆ ಹೋಗಿ ಪವರ್ ಏರಿಸ್ತಾನೆ, ಒಂದು ವಾರಕ್ಕೆ ಹವಳ ಬಿಳಿಚಿಕೊಂಡಿರತ್ತೆ. ಬೆಳಕು ಅಳೆಯೋ ಮೊಬೈಲಿನ ಲಕ್ಸ್ ಆ್ಯಪಿಗೂ ಇದೇ ರೋಗ, ಅದೂ ಕಣ್ಣಿನ ಲೆಕ್ಕನೇ. ಲೈಟಿನ ಮೇಲೆ ಬರ್ದಿರೋ ಕೆಲ್ವಿನ್ ನೋಡಿದ್ರೆ ಬಣ್ಣ ಗೊತ್ತಾಗತ್ತೆ, ವಾಟ್ ನೋಡಿದ್ರೆ ಕರೆಂಟ್ ಬಿಲ್ ಗೊತ್ತಾಗತ್ತೆ, ಅಷ್ಟೆ.

ಈ ಪಾರ್‌ಗೆ ಪಠ್ಯಪುಸ್ತಕದ ದಾರಿ ಹಿಡಿದ್ರೆ 'ದ್ಯುತಿಸಂಶ್ಲೇಷಣಾ ಸಕ್ರಿಯ ವಿಕಿರಣ' ಅನ್ನಬೇಕಾಗತ್ತೆ. ವಿಕಿರಣ ಅಂತ ಓದಿದ ತಕ್ಷಣ ಅರ್ಧ ಜನ ಟ್ಯಾಂಕೇ ಬೇಡ ಅಂತ ಎದ್ದೋಗ್ತಾರೆ. 'ಪ್ರಖರತೆ' ಅಂದ್ರೆ ಮತ್ತೆ ಕಣ್ಣು ಕುಕ್ಕೋದೇ ಆಯ್ತು.

ನನಗೆ ಹೊಳೆದಿದ್ದು 'ಬಿಸಿಲು'. ನಮ್ಮ ಚಿಕ್ಕಮಗಳೂರು ಕಡೆ ತೋಟದಲ್ಲಿ ಯಾರೂ ಕಾಫಿಗೆ ಬೆಳಕು ಸಾಲ್ದು ಅನ್ನಲ್ಲ, ಬಿಸಿಲು ಸಾಲ್ದು, ಮರಗಸಿ (ನೆರಳಿನ ಮರದ ಕೊಂಬೆ ಸವರೋದು) ಮಾಡ್ಸಿ ಅಂತಾರೆ. ಅಂದ್ರೆ ಗಿಡದ ಮೇಲೆ ಬಿದ್ದು ಗಿಡಕ್ಕೆ ದಕ್ಕೋದು ಬಿಸಿಲು, ನಮಗೆ ಕಾಣೋದು ಬೆಳಕು, ಈ ವ್ಯತ್ಯಾಸ ಬಳಕೆಯಲ್ಲೇ ಇದೆ. ಜೊತೆಗೆ ಬಿಸಿಲಿಗೆ ದರ್ಜೆಗಳೂ ರೆಡಿ ಇವೆ. ಜೊವಾಂತಿಡ್, ಮಶ್ರೂಮ್ ಥರದ ಮೆತ್ತನೆ ಹವಳಗಳಿಗೆ ಸುಮಾರು 50ರಿಂದ 100 ಮೈಕ್ರೊಮೋಲ್ (ಪಾರ್ ಮೀಟರ್ ತೋರ್ಸೋ ಅಂಕಿ) ಸಾಕು, ಅದು ಎಳೆಬಿಸಿಲು. ದಪ್ಪ ಪಾಲಿಪ್ಪಿನ (ಪಾಲಿಪ್ ಅಂದ್ರೆ ಹವಳದ ಒಂದೊಂದು ಪುಟ್ಟ ಜೀವಿ) ಗಟ್ಟಿ ಹವಳಕ್ಕೆ 150ರ ತನಕ, ಅದು ಹೂಬಿಸಿಲು. ಅಕ್ರೊಪೊರಾ ಥರದ ಸಣ್ಣ ಪಾಲಿಪ್ಪಿನ ಗಟ್ಟಿ ಹವಳಕ್ಕೆ 200ರ ಮೇಲೆ, ಉರಿಬಿಸಿಲು. (ಗಟ್ಟಿ ಹವಳದ ಮಾತು ಪದದ ಮಟ್ಟಿಗೆ ಮಾತ್ರ, ನಮ್ಮ ಸಮುದ್ರದ ಗಟ್ಟಿ ಹವಳಗಳನ್ನ 2001ರಲ್ಲೇ ವನ್ಯಜೀವಿ ಕಾಯ್ದೆಯ ಮೊದಲನೇ ಶೆಡ್ಯೂಲಿಗೆ ಸೇರ್ಸಿದಾರೆ, ಕಿತ್ತು ತಂದಿದ್ದು ಕೊಂಡ್ರೆ ಹುಲಿ ಚರ್ಮ ಕೊಂಡಂಗೇ.)

ಗೆಳೆಯನ ತಕರಾರು ಎರಡು. ಒಂದು, ಬಿಸಿಲು ಅನ್ನೋ ಪದದೊಳಗೇ ಬಿಸಿ ಕೂತಿದೆ, ಓದಿದೋರು ನೀರು ಕಾಯತ್ತೆ ಅಂದ್ಕೋತಾರೆ ಅಂತ. ಇದಕ್ಕೆ ನಾನು ಅಷ್ಟು ತಲೆ ಕೆಡಿಸ್ಕೊಂಡಿಲ್ಲ, ಚಳಿಗಾಲದಲ್ಲೂ ಬಿಸಿಲು ಅಂತೀವಲ್ಲ. ಎರಡನೇದು ಗಟ್ಟಿ ಇದೆ: 'ನೀಲಿ ಬಿಸಿಲು ಅಂತ ಎಲ್ಲಾದ್ರೂ ಕೇಳಿದೀಯೇನೋ ಮಾರಾಯ?' ನಿಜ, ಕೇಳಿಲ್ಲ. ನೀಲಿ ಅಂದ ಕೂಡ್ಲೇ ಅದು ಬೆಳದಿಂಗಳ ಕಡೆ ವಾಲತ್ತೆ, ಆ ಹೆಸರನ್ನ ರಾತ್ರಿ ಉರಿಯೋ ಸಣ್ಣ ನೀಲಿ ಲೈಟಿಗೆ ಆಗ್ಲೇ ಕೊಟ್ಟಾಗಿದೆ. ಸದ್ಯಕ್ಕೆ 'ನೀಲಿ ಬೆಳಕು, ಎಳೆಬಿಸಿಲಿನಷ್ಟು' ಅಂತ ಬರ್ದಿದೀನಿ, ಬಣ್ಣಕ್ಕೆ ಬೆಳಕು, ಪ್ರಮಾಣಕ್ಕೆ ಬಿಸಿಲು. ನನಗಂತೂ ಇದು ಒಪ್ಪಿಗೆ.

ಉಳಿದ ಪದಗಳು ಸಲೀಸಾಗಿ ಸಿಕ್ಕಿವೆ. ಹೊಸ ಹವಳ ತಂದಾಗ ಲೈಟನ್ನ ಅರ್ಧಕ್ಕೆ ಇಳಿಸಿ ಎರಡು ಮೂರು ವಾರದಲ್ಲಿ ಮೆಲ್ಲಗೆ ಏರಿಸ್ತಾರಲ್ಲ, ಅದು 'ಒಗ್ಗಿಸೋದು'. ಬೆಳಕು ಸಾಲದೆ ಜೊವಾಂತಿಡ್ ಉದ್ದುದ್ದ ಎಳ್ಕೊಂಡು ಮೇಲೆ ಬರೋದಕ್ಕೆ 'ಕತ್ತು ಚಾಚೋದು' ಅಂತ ಅಂಗಡಿ ಹುಡುಗರೇ ಹೇಳ್ತಿದ್ರು, ಹಂಗೇ ಇಟ್ಕೊಂಡೆ.

ಕೇಳಬೇಕಾಗಿರೋದು ಇಷ್ಟು. ಟ್ಯೂಬು, ಎಲ್‌ಇಡಿ ಬೆಳಕಿಗೆ 'ಬಿಸಿಲು' ಅಂದ್ರೆ ನಿಮ್ಮ ಕಿವಿಗೆ ಕಟುವಾಗತ್ತಾ? ಮತ್ತೆ, ಹೂಬಿಸಿಲು ಅಂದ್ರೆ ನಿಮ್ಮ ಊರಲ್ಲಿ ಹಿತವಾದ ಬಿಸಿಲು ಅಂತ್ಲೇ ಅರ್ಥನಾ, ಇಲ್ಲ ಮಳೆ ನಿಂತ ಮೇಲೆ ಬರೋದಕ್ಕೆ ಮಾತ್ರ ಹೇಳ್ತಾರಾ? ಎರಡನೇದಾದ್ರೆ ಆ ನಡುವಿನ ದರ್ಜೆಗೆ ಬೇರೆ ಪದ ಹುಡುಕಬೇಕು, ಸಕಲೇಶಪುರ, ಮೂಡಿಗೆರೆ ಕಡೆಯೋರು ಮರದ ಎಲೆ ಸಂದಿಯಿಂದ ಸೋರಿ ಬರೋ ಬಿಸಿಲಿಗೆ ಏನಾದ್ರೂ ಹೆಸರು ಇಟ್ಕೊಂಡಿದ್ರೆ ದಯವಿಟ್ಟು ತಿಳಿಸಿ, ಪ್ರಿಂಟಿಗೆ ಹೋಗೋಕೆ ಮುಂಚೆ ತಿದ್ಕೋತೀನಿ.